ಮಿದುಳಿನಲ್ಲಿ ರಕ್ತನಾಳದ ಗೋಜಲು: ಶಸ್ತ್ರಚಿಕಿತ್ಸೆ ಬೇಕೇ, ಬೇಡವೇ?

ಹನೂರು ತಾಲೂಕಿನ ಮಾರ್ಟಳ್ಳಿಯಂತಹ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಇಪ್ಪತ್ತಾರು ವರ್ಷದ ಮಗಳಿಗೆ ಇದ್ದಕ್ಕಿದ್ದಂತೆ ಫಿಟ್ಸ್ ಬರುತ್ತದೆ. ಯಾರೋ ಕೈಗೆ ಬೀಗದ ಕೈ ಹಿಡಿಸುತ್ತಾರೆ, ಇನ್ಯಾರೋ ದೃಷ್ಟಿಯಾಗಿದೆ ಎನ್ನುತ್ತಾರೆ. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಮಿದುಳಿನಲ್ಲಿ ರಕ್ತನಾಳಗಳ ಗೋಜಲು ಕಾಣಿಸುತ್ತದೆ. ಅದಿನ್ನೂ ಒಡೆದಿಲ್ಲ. "ಆಪರೇಷನ್ ಮಾಡಬಹುದು, ಯೋಚಿಸಿ ಹೇಳಿ" ಎನ್ನುತ್ತಾರೆ ವೈದ್ಯರು. ತಲೆಗೆ ಕತ್ತಿ ಹಾಕಿಸುವುದೇ ಬೇಡ ಎಂದು ತಾಯಿ, ಈಗಲೇ ಮಾಡಿಸಿಬಿಡೋಣ ಎಂದು ಅಣ್ಣ. ಯಾರ ಮಾತು ಸರಿ?

ಏನಿದು ಎವಿಎಂ?

ಹೃದಯದಿಂದ ರಭಸವಾಗಿ ಬರುವ ರಕ್ತ ಅಪಧಮನಿಯಿಂದ ಸೂಕ್ಷ್ಮ ಲೋಮನಾಳಗಳನ್ನು ದಾಟಿ ನಿಧಾನವಾಗಿ ಅಭಿಧಮನಿಯನ್ನು ಸೇರಬೇಕು. ಎವಿಎಂನಲ್ಲಿ ಈ ಲೋಮನಾಳಗಳೇ ಇರುವುದಿಲ್ಲ. ರಕ್ತ ನೇರವಾಗಿ ಅಭಿಧಮನಿಗೆ ನುಗ್ಗುತ್ತದೆ. ತೆಳುಗೋಡೆಯ ಆ ನಾಳ ಒತ್ತಡ ತಾಳದೆ ಒಡೆದರೆ ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ. ಇದು ಯಾರ ಶಾಪವೂ ಅಲ್ಲ, ತಪ್ಪೂ ಅಲ್ಲ.

ಎರಡು ಅಪಾಯಗಳ ನಡುವೆ

ಒಮ್ಮೆ ಒಡೆದ ಗೋಜಲು ಮತ್ತೆ ಒಡೆಯುವ ಸಂಭವ ಹೆಚ್ಚು. ಆಗ ಚಿಕಿತ್ಸೆಯ ಕಡೆಗೇ ತಕ್ಕಡಿ ವಾಲುತ್ತದೆ. ಅಮೆರಿಕದ ಮಿದುಳು ವಿಜ್ಞಾನಿ ಜಿಲ್ ಬೋಲ್ಟ್ ಟೇಲರ್ ಅವರಿಗೆ 1996ರ ಡಿಸೆಂಬರ್‌ನಲ್ಲಿ ಹೀಗೆ ರಕ್ತಸ್ರಾವವಾಯಿತು. ಶಸ್ತ್ರಚಿಕಿತ್ಸೆಯ ನಂತರ ಪೂರ್ಣ ಚೇತರಿಕೆಗೆ ಎಂಟು ವರ್ಷ ಹಿಡಿಯಿತು.

ಒಡೆಯದ ಗೋಜಲಿನದೇ ಕಠಿಣ ಪ್ರಶ್ನೆ. ಅದು ಒಡೆಯುವ ಸಂಭವ ವರ್ಷಕ್ಕೆ ಸುಮಾರು ಶೇ.2 ಎಂದಿಟ್ಟುಕೊಳ್ಳಿ. ಕಡಿಮೆ ಎನಿಸುತ್ತದೆ. ಆದರೆ 30 ವರ್ಷಗಳಲ್ಲಿ ಅದು ಹೆಚ್ಚುಕಡಿಮೆ ಶೇ.45 ಆಗುತ್ತದೆ, 10 ವರ್ಷಕ್ಕೆ ಶೇ.18. ಆದ್ದರಿಂದ ಎಪ್ಪತ್ತರ ಅಜ್ಜಿಗೆ ಸರಿಯಾದ ಉತ್ತರ ಇಪ್ಪತ್ತಾರರ ಮೊಮ್ಮಗಳಿಗೆ ಸರಿಯಾಗಬೇಕೆಂದಿಲ್ಲ.

ಹಾಗೆಂದು ಆತುರವೂ ಸಲ್ಲ. ಒಡೆಯದ ಎವಿಎಂ ಇದ್ದವರ ಮೇಲೆ ನಡೆದ 'ಅರುಬಾ' ಅಧ್ಯಯನವನ್ನು 2013ರಲ್ಲಿ ಮಧ್ಯದಲ್ಲೇ ನಿಲ್ಲಿಸಲಾಯಿತು. ಸರಾಸರಿ 33 ತಿಂಗಳಲ್ಲಿ, ಔಷಧಿಯಲ್ಲೇ ಇದ್ದವರಲ್ಲಿ ಶೇ.10 ಮಂದಿಗೆ ಪಾರ್ಶ್ವವಾಯು ಅಥವಾ ಸಾವು ಸಂಭವಿಸಿದರೆ, ಚಿಕಿತ್ಸೆಗೆ ಆಯ್ಕೆಯಾದವರಲ್ಲಿ ಅದು ಶೇ.30ನ್ನು ದಾಟಿತ್ತು. ಆದರೆ ಅವಧಿ ಚಿಕ್ಕದು, ಕೇವಲ ಶಸ್ತ್ರಚಿಕಿತ್ಸೆ ಪಡೆದವರು ಬೆರಳೆಣಿಕೆಯಷ್ಟು ಎಂಬ ಟೀಕೆಯೂ ಇದೆ.

ಗೋಜಲು ಎಂಥದ್ದು?

1986ರಲ್ಲಿ ಸ್ಪೆಟ್ಜ್ಲರ್ ಮತ್ತು ಮಾರ್ಟಿನ್ ಎಂಬ ವೈದ್ಯರು ಎವಿಎಂಗೆ 1ರಿಂದ 5ರವರೆಗೆ ದರ್ಜೆ ನೀಡಿದರು. ಗಾತ್ರ ಎಷ್ಟು, ಮಾತು ಅಥವಾ ಕೈಕಾಲುಗಳನ್ನು ನಿಯಂತ್ರಿಸುವ ಭಾಗದಲ್ಲಿದೆಯೇ, ರಕ್ತ ಆಳದ ಅಭಿಧಮನಿಗೆ ಹರಿಯುತ್ತದೆಯೇ ಎಂಬುದೇ ಇದರ ಲೆಕ್ಕ. 1 ಮತ್ತು 2ನೇ ದರ್ಜೆಗೆ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಸುರಕ್ಷಿತ. 4 ಮತ್ತು 5ನೇ ದರ್ಜೆಯಲ್ಲಿ, ಒಡೆಯದಿದ್ದರೆ, ಕಾಯುವುದೇ ಹೆಚ್ಚಾಗಿ ಲೇಸು. 3ನೆಯದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ.

ಚಿಕ್ಕ ಗೋಜಲಿಗೆ ತಲೆ ತೆರೆಯದೆ ವಿಕಿರಣ ಹಾಯಿಸುವ ಗಾಮಾ ನೈಫ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ. ಆದರೆ ನಾಳ ಮುಚ್ಚಲು ಎರಡು ಮೂರು ವರ್ಷ ಬೇಕು, ಅಲ್ಲಿಯವರೆಗೆ ಒಡೆಯುವ ಅಪಾಯ ಉಳಿದೇ ಇರುತ್ತದೆ. ನಾಳದೊಳಗೆ ನಳಿಕೆ ತೂರಿಸಿ ಅಂಟು ತುಂಬುವ ವಿಧಾನವೂ ಇದೆ. ಹೆಚ್ಚಾಗಿ ಅದು ಶಸ್ತ್ರಚಿಕಿತ್ಸೆಗೆ ಪೂರ್ವಸಿದ್ಧತೆ.

ನಿರ್ಧಾರ ಯಾರದು?

ಆಂಜಿಯೋಗ್ರಾಮ್ ಆದ ಮೇಲೆ ವೈದ್ಯರಲ್ಲಿ ಇಷ್ಟನ್ನು ಕೇಳಿ: ದರ್ಜೆ ಎಷ್ಟು? ಮಾತು, ನಡಿಗೆ ಹೋಗುವ ಸಂಭವವೆಷ್ಟು? ಇಂತಹ ಶಸ್ತ್ರಚಿಕಿತ್ಸೆ ನೀವು ಎಷ್ಟು ಮಾಡಿದ್ದೀರಿ? ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಲು ಸಂಕೋಚ ಬೇಡ. ಆಯುಷ್ಮಾನ್ ಕಾರ್ಡ್‌ನಲ್ಲಿ ಎಷ್ಟು ಸಿಗುತ್ತದೆಂದು ಮೊದಲೇ ವಿಚಾರಿಸಿ. ಮಾರ್ಟಳ್ಳಿಯವರಿಗೆ ಇನ್ನೊಂದು ಲೆಕ್ಕವೂ ಉಂಟು. ನಡುರಾತ್ರಿ ರಕ್ತಸ್ರಾವವಾದರೆ ಹನೂರು, ಕೊಳ್ಳೇಗಾಲ ದಾಟಿ ದೊಡ್ಡ ಆಸ್ಪತ್ರೆ ಸೇರುವಷ್ಟರಲ್ಲಿ ಅಮೂಲ್ಯ ಸಮಯ ಕಳೆದಿರುತ್ತದೆ.

ಕಾಯುವುದೆಂದರೆ ಮರೆತುಬಿಡುವುದಲ್ಲ. ಫಿಟ್ಸ್ ಮಾತ್ರೆ ತಪ್ಪಬಾರದು, ರಕ್ತದೊತ್ತಡ ಹತೋಟಿಯಲ್ಲಿರಬೇಕು, ಬಾವಿ ಕೆರೆಗೆ ಒಂಟಿಯಾಗಿ ಹೋಗಬಾರದು. ಗರ್ಭ ಧರಿಸುವ ಮೊದಲೇ ವೈದ್ಯರ ಸಲಹೆ ಬೇಕು. ಹಠಾತ್ ಭಯಂಕರ ತಲೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು.

ಮನೆಯಲ್ಲಿ ಎಲ್ಲರೂ ಮಾತಾಡುತ್ತಾರೆ, ಆ ಹುಡುಗಿಯನ್ನು ಕೇಳುವವರೇ ಇರುವುದಿಲ್ಲ. ಮದುವೆ ತಪ್ಪೀತೆಂದು ಕಾಯಿಲೆಯನ್ನು ಮುಚ್ಚಿಡುವ ಆತುರ ಬೇರೆ. ಒಮ್ಮೆಗೇ ದೊಡ್ಡ ಅಪಾಯ ಎದುರಿಸಿ ನಿಶ್ಚಿಂತೆಯಾಗಿರಬೇಕೇ, ಸಣ್ಣ ಅಪಾಯವನ್ನು ದಿನವೂ ಜೊತೆಗಿಟ್ಟುಕೊಂಡು ಬದುಕಬೇಕೇ? ತಾಯಿಯ ಭಯವೂ, ಅಣ್ಣನ ಅವಸರವೂ ಪ್ರೀತಿಯೇ. ಆದರೆ ಮೊದಲು ಕೇಳಬೇಕಾದದ್ದು ಅವಳ ಮಾತನ್ನು.