ಇಂಗ್ಲಿಷ್ ಬಾರದ ಮಗು, ಅಮೆರಿಕದ ಸರ್ಕಾರಿ ಶಾಲೆ



ದುಡಿಮೆಗೆಂದು ಬೇರೆ ದೇಶಗಳಿಂದ ಅಮೆರಿಕಕ್ಕೆ ಹೋದ ಕುಟುಂಬಗಳ ಮಕ್ಕಳು ಹೆಚ್ಚಾಗಿ ಅಲ್ಲಿನ ಸರ್ಕಾರಿ ಶಾಲೆಗೇ ಸೇರುತ್ತಾರೆ. ಮಗುವಿಗೆ ಇಂಗ್ಲಿಷ್ ಬರೋದಿಲ್ಲ, ತಾಯಿಗೂ ಬರೋದಿಲ್ಲ. ಆಗ ಶಾಲೆ ಏನು ಮಾಡಬೇಕು?

ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಸುಮಾರು 1,800 ಚೀನೀ ಮಕ್ಕಳು ಇಂಗ್ಲಿಷ್ ಕಲಿಯಲು ಯಾವ ಸಹಾಯವೂ ಇಲ್ಲದೆ ತರಗತಿಯಲ್ಲಿ ಕೂತಿದ್ದರು. ಮನೆಯವರು ಕೋರ್ಟಿಗೆ ಹೋದರು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಟೀಚರು ಕೊಟ್ಟರೆ ಸಾಕೇ? ಪಾಠವೇ ಅರ್ಥವಾಗದ ಮಗುವಿಗೆ ಅದು ಸಮಾನತೆ ಅಲ್ಲ ಅಂತ 1974ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಕಾಗದಪತ್ರ ಇಲ್ಲದೆ ದೇಶದೊಳಗೆ ಬಂದವರ ಮಕ್ಕಳನ್ನೂ ಶಾಲೆಯಿಂದ ಹೊರಗಿಡುವಂತಿಲ್ಲ ಎಂದು 1982ರಲ್ಲಿ ಟೆಕ್ಸಾಸ್ ರಾಜ್ಯದ ಕೇಸಿನಲ್ಲಿ ತೀರ್ಪಾಯಿತು. ಮಕ್ಕಳದ್ದೇನು ತಪ್ಪು, ಅಲ್ವಾ?

ಶಾಲೆಗೆ ಸೇರಿಸುವಾಗ ಮನೆಯಲ್ಲಿ ಆಡುವ ಭಾಷೆ ಯಾವುದೆಂದು ಒಂದು ಫಾರಂನಲ್ಲಿ ಕೇಳುತ್ತಾರೆ. ನಮ್ಮವರು ಕನ್ನಡ, ಕೊಂಕಣಿ, ತುಳು ಅಂತ ಇದ್ದದ್ದನ್ನೇ ಬರೆಯಬಹುದು. ಆಮೇಲೆ ಮಗುವಿನ ಇಂಗ್ಲಿಷ್ ಎಷ್ಟಿದೆ ಎಂದು ಪರೀಕ್ಷಿಸಿ, ಬೇಕಿದ್ದರೆ ವಿಶೇಷ ಪಾಠ ಕೊಡುತ್ತಾರೆ. ಎಷ್ಟು ಕಲಿತಿದೆ ಎಂದು ಪ್ರತಿ ವರ್ಷ ನೋಡುತ್ತಾರೆ.

ನಮಗೆ ಬಹಳ ಹಿಡಿಸಿದ ವಿಷಯ ತಾಯಂದಿರದ್ದು. ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿ ವಿಷಯ ತಿಳಿಸಬೇಕು, ಅದಕ್ಕೆ ಮಗುವನ್ನೇ ದುಭಾಷಿಯಾಗಿ ನಿಲ್ಲಿಸಬಾರದು ಎಂದು 2015ರಲ್ಲಿ ಅಲ್ಲಿನ ಸರ್ಕಾರ ಶಾಲೆಗಳಿಗೆ ಮಾರ್ಗಸೂಚಿ ಕೊಟ್ಟಿತ್ತು. ತನ್ನ ಮೇಲಿನ ದೂರನ್ನು ಮಗುವೇ ತಾಯಿಗೆ ಹೇಗೆ ಹೇಳೀತು? 2025ರಲ್ಲಿ ಆ ಮಾರ್ಗಸೂಚಿಯನ್ನು ಹಿಂತೆಗೆದುಕೊಂಡರು. ಆದರೆ 1974ರ ತೀರ್ಪು ಹಾಗೇ ಉಳಿದಿದೆ.

ನಿಮ್ಮ ಮಗಳೋ ಸೊಸೆಯೋ ಅಲ್ಲಿದ್ದರೆ, ಪೋಷಕರ ಸಭೆಗೆ ಮೊದಲೇ ದುಭಾಷಿ ಬೇಕೆಂದು ಶಾಲೆಗೆ ಕೇಳಲು ಫೋನಿನಲ್ಲಿ ಹೇಳಿ.