ಶರೀಫ ಸಾಹೇಬರ ಪದವೂ ಮೈಸೂರಿನ ಗಿಟಾರೂ

ಶಿಶುನಾಳ ಶರೀಫ ಸಾಹೇಬರ ತತ್ವಪದಗಳನ್ನು ಮೈಸೂರಿನ ಶ್ರೀ ರಘು ದೀಕ್ಷಿತರ ರಾಕ್ ಮೇಳವು ಗಿಟಾರು, ಡ್ರಮ್ಮುಗಳ ಅಬ್ಬರದಲ್ಲಿ ಹಾಡಿ ಕೆಡಿಸಿತೆಂದು ಪಟ್ಟಣದ ಸಭ್ಯ ಗೃಹಸ್ಥರಲ್ಲಿ ಕೆಲವರು ಆಕ್ಷೇಪಿಸುವದುಂಟು. ಈ ಆಕ್ಷೇಪವನ್ನು ನಾವು ಒಪ್ಪಲಾರೆವು.

ದೀಕ್ಷಿತರು ಭರತನಾಟ್ಯವನ್ನು ಕ್ರಮವಾಗಿ ಕಲಿತವರು, ಸೂಕ್ಷ್ಮಜೀವಿಶಾಸ್ತ್ರದ ಪದವೀಧರರು. ಗಿಟಾರನ್ನು ಕೈಗೆತ್ತಿಕೊಂಡದ್ದು ಸಹಪಾಠಿಯೊಬ್ಬನೊಡನೆ ಪಂಥ ಕಟ್ಟಿ! ಪಿಟೀಲು ವಿದ್ವಾಂಸರಾದ ಎಚ್. ಎನ್. ಭಾಸ್ಕರರೊಡನೆ ಅವರು ಕಟ್ಟಿದ 'ಅಂತರಾಗ್ನಿ' ಮೇಳವು ಒಡೆಯಿತು. ತರುವಾಯ 'ರಘು ದೀಕ್ಷಿತ್ ಪ್ರಾಜೆಕ್ಟ್' ಹುಟ್ಟಿತು. ಧ್ವನಿಮುದ್ರಣದ ಕಂಪನಿಗಳು ಬಹುಕಾಲ ಇವರನ್ನು ಹೊಸ್ತಿಲಿನಿಂದಲೇ ಹಿಂದೆ ಕಳುಹಿಸಿದವು. ಕೊನೆಗೆ 2008ರಲ್ಲಿ ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರರು ಮೊದಲ ಸಂಗ್ರಹವನ್ನು ಹೊರತಂದರು. ಕನ್ನಡ, ಹಿಂದಿ, ಇಂಗ್ಲಿಷು ಮೂರೂ ಅದರಲ್ಲಿರುವವು.

ಸೋರುವ ಮಾಳಿಗೆಯ ಪದವನ್ನೂ, ಗುಡುಗುಡಿಯ ನೆವದಿಂದ ಅಧ್ಯಾತ್ಮವನ್ನು ಹೇಳುವ ಪದವನ್ನೂ ಅಲ್ಲಿ ಕೇಳಬಹುದು. ತತ್ವಪದದಲ್ಲಿ ಪ್ರತಿ ನುಡಿಯ ತರುವಾಯ ಪಲ್ಲವಿಯು ಮರಳಿ ಬರುವದಷ್ಟೆ. ರಾಕ್ ಸಂಗೀತದ ಕಟ್ಟೂ ಅಂಥದೇ. ಮರಳಿ ಬರುವ ಸೊಲ್ಲನ್ನು ನೆರೆದವರೆಲ್ಲ ಕೂಡಿ ಹಾಡುವರು. ಆದುದರಿಂದ ಈ ಬೆಸುಗೆಯು ಒತ್ತಾಯದ್ದಲ್ಲ. ಏಕತಾರಿಯ ನಾದದ ಕೆಲಸವನ್ನು ಗಿಟಾರಿನ ತಂತಿಗಳೂ, ದಮ್ಮಡಿಯ ಕೆಲಸವನ್ನು ಡ್ರಮ್ಮೂ ಮಾಡುತ್ತಿರುವವು. ವಾದ್ಯವು ಪರದೇಶದ್ದೆಂಬುದೇ ದೋಷವಾದರೆ, ಬಾಲುಸ್ವಾಮಿ ದೀಕ್ಷಿತರು ಪಾಶ್ಚಾತ್ಯರಿಂದ ಕಲಿತು ಕರ್ನಾಟಕ ಸಂಗೀತಕ್ಕೆ ತಂದ ಪಿಟೀಲನ್ನು ಏನು ಮಾಡೋಣ? ನಮ್ಮ ಭಜನೆಯ ಹಾರ್ಮೋನಿಯಮ್ಮಾದರೂ ಎಲ್ಲಿಯದು?

ಶರೀಫರು (1819-1889) ತಮ್ಮ ಪದಗಳಿಗೆ ಸ್ವರಲಿಪಿಯನ್ನು ಬರೆದಿಟ್ಟು ಹೋದವರಲ್ಲ. ಬಾಯಿಂದ ಬಾಯಿಗೆ ಬಂದ ಪದಗಳನ್ನು ಸಿ. ಅಶ್ವತ್ಥರು ಭಾವಗೀತೆಯ ಧಾಟಿಗೆ ತಂದಾಗ, 1990ರಲ್ಲಿ ನಾಗಾಭರಣರ ಚಲಚ್ಚಿತ್ರದಲ್ಲಿ ಅವು ಮೊಳಗಿದಾಗ, ನಾವೆಲ್ಲರೂ ತಲೆದೂಗಲಿಲ್ಲವೇ?

2010ರಲ್ಲಿ ಲಂಡನ್ನಿನ ಬಿ.ಬಿ.ಸಿ. ದೂರದರ್ಶನದಲ್ಲಿ ಈ ಮೇಳವು ಹಾಡಿತು. ಮರುವರ್ಷ ಗ್ಲಾಸ್ಟನ್‌ಬರಿಯ ಉತ್ಸವಕ್ಕೂ ಹೋಯಿತು. ಬಣ್ಣದ ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವವರ ಕನ್ನಡವು ಅಲ್ಲಿಯ ಜನರಿಗೆ ತಿಳಿಯಲಿಲ್ಲವೆಂದು ಹಾಸ್ಯಮಾಡುವವರು, ತಮ್ಮ ಮನೆಯ ಮಕ್ಕಳಿಗೆ ಶರೀಫರ ಎಷ್ಟು ಪದ ಬರುವವೆಂಬುದನ್ನು ಮೊದಲು ವಿಚಾರಿಸಲಿ.

ನಮ್ಮ ತಕರಾರು ಬೇರೆ ಇರುವದು. 2013ರ 'ಜಗ್ ಚಂಗಾ' ಸಂಗ್ರಹದಲ್ಲಿಯೂ ಲೋಕದ ಕಾಳಜಿಯನ್ನು ಕುರಿತ ಶರೀಫರ ಪದವೇ ಮತ್ತೆ ಬಂದಿತು. ಹತ್ತೊಂಬತ್ತನೆಯ ಶತಮಾನದ ಒಬ್ಬ ಸಂತರ ಮೇಲೆಯೇ ಎಲ್ಲ ಭಾರವನ್ನು ಹೊರಿಸಿ ಎಷ್ಟು ದಿನ ನಡೆಯುವದು? ಇಂಥ ಮೇಳಗಳಿಗೆ ಹಾಡುವ ಪದಗಳನ್ನು ಬರೆದುಕೊಡಲು ಇಂದಿನ ನಮ್ಮ ಕವಿಗಳಿಗೆ ಸಂಕೋಚವೇಕೆ?