ಏಣಿಯೊಂದೇ, ಹತ್ತುವ ಪರಿ ಬೇರೆ

ವಿಶೇಷ ಅಗತ್ಯವುಳ್ಳ ಮಕ್ಕಳನ್ನು ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆ ಹೇಗೆ ಕೈಹಿಡಿದು ನಡೆಸುತ್ತದೆ? ತರಗತಿಯ ಕೋಣೆಯಿಂದ ತಾಲ್ಲೂಕಿನ ಸಂಪನ್ಮೂಲ ಕೇಂದ್ರದವರೆಗೆ ಹಬ್ಬಿರುವ ವ್ಯವಸ್ಥೆಯೊಂದರ ಪರಿಚಯ.

ಶಾಲೆ ಶುರುವಾಗಿ ತಿಂಗಳೊಪ್ಪತ್ತು ಕಳೆಯುವಷ್ಟರಲ್ಲಿ ಒಂದನೇ ತರಗತಿಯ ಟೀಚರಿಗೆ ಕೆಲವು ಮಕ್ಕಳು ಎದ್ದು ಕಾಣತೊಡಗುತ್ತಾರೆ. ಹಿಂದಿನಿಂದ ಹೆಸರು ಹಿಡಿದು ಕೂಗಿದರೆ ತಿರುಗಿ ನೋಡದ ಹುಡುಗ. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದುಕೊಳ್ಳುವ ಹುಡುಗಿ. ಗಂಟೆ ಬಾರಿಸಿದಾಗಲೆಲ್ಲ ಎರಡೂ ಕಿವಿ ಮುಚ್ಚಿಕೊಂಡು ಮೂಲೆ ಸೇರುವ ಮಗು. ಕೇಳಿದ ಕಥೆಯನ್ನು ಸೊಗಸಾಗಿ ತಿರುಗಿ ಹೇಳುವ, ಆದರೆ ಸ್ಲೇಟಿನ ಮೇಲಿನ ಎರಡಕ್ಷರ ಕೂಡಿಸಿ ಓದಲಾರದ ಮತ್ತೊಂದು ಮಗು. ‘ಸ್ವಲ್ಪ ಮೊಂಡ’, ‘ಅವರಪ್ಪನೂ ಚಿಕ್ಕವನಿದ್ದಾಗ ಹೀಗೇ ಇದ್ದ’ ಎಂದು ಮನೆಯವರು ಹೇಳಿ ಕಳಿಸಿರುತ್ತಾರೆ. ಇದು ಮೊಂಡುತನವಲ್ಲ, ಈ ಮಗುವಿಗೆ ಬೇರೇನೋ ಬೇಕಾಗಿದೆ ಎಂದು ಮೊದಲು ಹೊಳೆಯುವುದು ಬಹಳ ಸಲ ತರಗತಿಯ ಟೀಚರಿಗೇ.

ಅಂಥ ಮಕ್ಕಳಿಗೆ ಬೇರೆಯದೇ ಶಾಲೆ ಇರುತ್ತದೆ, ಅಲ್ಲಿಗೆ ಕಳಿಸಿಬಿಡಬೇಕು ಎಂಬ ಭಾವನೆ ಊರುಗಳಲ್ಲಿ ಇನ್ನೂ ಉಳಿದಿದೆ. ಕಾನೂನು ಹಾಗೆ ಹೇಳುವುದಿಲ್ಲ. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ನ್ಯೂನತೆಗಳನ್ನಷ್ಟೇ ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆ ಪಟ್ಟಿಯನ್ನು 21ಕ್ಕೆ ಏರಿಸಿತು. ಆಟಿಸಂ, ಓದು ಬರಹಕ್ಕೆ ತೊಡಕಾಗುವ ಕಲಿಕಾ ನ್ಯೂನತೆ ಇವೆಲ್ಲ ಆಗ ಒಳಗೆ ಬಂದವು. ಶೇ 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆಯುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ಮನೆ ಹತ್ತಿರದ ಶಾಲೆಯಲ್ಲೋ, ವಿಶೇಷ ಶಾಲೆಯಲ್ಲೋ ಎಂಬ ಆಯ್ಕೆ ಆ ಮಗುವಿನದು, ಮನೆಯವರದು.

ಹಕ್ಕು ಕಾಗದದ ಮೇಲಿದೆ, ಸರಿ. ಅದು ದಿನದಿನವೂ ನಡೆಯಬೇಕಾದದ್ದು ತರಗತಿಯಲ್ಲಿ.

ತಟ್ಟೆಗಳ ನಡುವೆ

ನಮ್ಮ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಕೋಣೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ ಆರಂಭಿಸಿದ ಪದ್ಧತಿ ಇದು. ಇಲ್ಲಿ ಪಾಠವನ್ನು ಪುಟ್ಟ ಪುಟ್ಟ ಮೈಲಿಗಲ್ಲುಗಳಾಗಿ ಒಡೆದು ಕಾರ್ಡುಗಳಿಗೆ ಇಳಿಸಿದ್ದಾರೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ತಾನಿರುವ ಮೆಟ್ಟಿಲನ್ನು ನೋಡಿಕೊಂಡು, ಅದಕ್ಕೆ ತಕ್ಕ ಕಾರ್ಡು ತೆಗೆದುಕೊಂಡು, ತನ್ನ ‘ತಟ್ಟೆ’ಗೆ ಹೋಗಿ ಕೂರುತ್ತದೆ.

ಇಂಥ ಐದು ತಟ್ಟೆಗಳಿವೆ. ಒಂದರಲ್ಲಿ ಶಿಕ್ಷಕರ ಪೂರ್ಣ ನೆರವು, ಇನ್ನೊಂದರಲ್ಲಿ ಭಾಗಶಃ ನೆರವು, ಮುಂದಿನ ಎರಡರಲ್ಲಿ ಇದೇ ರೀತಿ ಸಹಪಾಠಿಗಳ ನೆರವು, ಕೊನೆಯದರಲ್ಲಿ ಸ್ವಕಲಿಕೆ. ಯಾರಿಗೆ ಎಷ್ಟು ಆಸರೆ ಬೇಕು ಎಂಬುದರ ಮೇಲೆಯೇ ಇಡೀ ತರಗತಿಯ ಕೂರುವಿಕೆ ನಿಂತಿದೆ. ಹಾಗಾಗಿ ಹೆಚ್ಚು ದಿನ ಟೀಚರ್ ಪಕ್ಕದಲ್ಲೇ ಕೂರುವ ಮಗು ಯಾರ ಕಣ್ಣಿಗೂ ವಿಚಿತ್ರವಾಗಿ ಕಾಣುವುದಿಲ್ಲ. ಎಲ್ಲರೂ ಒಂದಲ್ಲ ಒಂದು ಹೊತ್ತು ಅಲ್ಲಿ ಕೂತವರೇ. ಫಿಟ್ಸ್ ಬಂದು ಹದಿನೈದು ದಿನ ಮನೆಯಲ್ಲಿ ಉಳಿದ ಮಗು ಮರಳಿದಾಗ ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ತರಗತಿ ತನ್ನನ್ನು ಬಿಟ್ಟು ಓಡಿಹೋಯಿತು ಎಂಬ ಅಳುಕು ಅದಕ್ಕಿರುವುದಿಲ್ಲ.

ನಾಲ್ಕನೇ ತರಗತಿಗೆ ಬಂದಾಗ ಕಾರ್ಡು ಹೋಗಿ ಪಠ್ಯಪುಸ್ತಕ ಬರುತ್ತದೆ, ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ. ಹಿಂದೆ ಉಳಿದ ಮಕ್ಕಳು ನಿಜವಾಗಿ ಕಷ್ಟಕ್ಕೆ ಸಿಗುವುದು ಆಗ. ಒಳ್ಳೆಯ ಶಾಲೆ ಈ ತಿರುವಿನಲ್ಲಿ ಎಚ್ಚರ ವಹಿಸುತ್ತದೆ. ಮೂರನೆಯ ತರಗತಿಯ ಟೀಚರ್ ನಾಲ್ಕರ ಟೀಚರಿಗೆ ಮಗುವನ್ನು ಒಪ್ಪಿಸುವಾಗ ಅಂಕದ ಜೊತೆಗೆ ಅದು ಹೇಗೆ ಕಲಿಯುತ್ತದೆ ಎಂಬುದನ್ನೂ ಹೇಳಿ ಒಪ್ಪಿಸುತ್ತಾರೆ.

ಹಣೆಪಟ್ಟಿಯ ಅವಸರ ಬೇಡ

ಗುರುತಿಸುವ ಕೆಲಸಕ್ಕೆ ಒಂದು ಕ್ರಮವಿದೆ. ಎನ್‌ಸಿಇಆರ್‌ಟಿ ರೂಪಿಸಿದ ‘ಪ್ರಶಸ್ತ್’ ತಪಶೀಲು ಪಟ್ಟಿಯ ಮೊದಲ ಭಾಗವನ್ನು ತರಗತಿಯ ಶಿಕ್ಷಕರು ತುಂಬುತ್ತಾರೆ. ಅನುಮಾನ ಬಂದರೆ ಎರಡನೆಯ ಭಾಗವನ್ನು ವಿಶೇಷ ಶಿಕ್ಷಕರು ನೋಡುತ್ತಾರೆ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ವೈದ್ಯರ ತಂಡ ಕಣ್ಣು, ಕಿವಿ, ಬೆಳವಣಿಗೆ ಪರೀಕ್ಷಿಸುತ್ತದೆ. ಹೆಚ್ಚಿನ ತಪಾಸಣೆಗೆ ಜಿಲ್ಲಾ ಆಸ್ಪತ್ರೆಯಿದೆ. ಮಾತು ಮತ್ತು ಶ್ರವಣದ ತೊಂದರೆಗಾದರೆ 1965ರಿಂದ ಕೆಲಸ ಮಾಡುತ್ತಿರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ನ್ಯೂನತೆಯ ಪ್ರಮಾಣಪತ್ರ ಮತ್ತು ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು ಬರುವುದು ಆಮೇಲೆ.

ಈ ಕ್ರಮ ಏಕೆ ಬೇಕೆಂದರೆ, ಓದಲು ತಡವಾಗುವ ಮಕ್ಕಳೆಲ್ಲರಿಗೂ ಕಲಿಕಾ ನ್ಯೂನತೆ ಇರುವುದಿಲ್ಲ. ನಮ್ಮ ಲಿಪಿಯನ್ನೇ ನೋಡಿ. ಪ, ಷ, ಫ, ಘ ಒಂದರ ಪಕ್ಕ ಒಂದಿಟ್ಟರೆ ದೊಡ್ಡವರೂ ಒಂದು ಗಳಿಗೆ ದಿಟ್ಟಿಸಬೇಕು. ‘ಸೂರ್ಯ’ ಎನ್ನುವಾಗ ಬಾಯಲ್ಲಿ ರಕಾರ ಮೊದಲು, ಯಕಾರ ಆಮೇಲೆ. ಬರೆಯುವಾಗ ಯಕಾರ ಮೊದಲು, ಅರ್ಕಾವೊತ್ತು ಆಮೇಲೆ. ಕಿವಿಯ ಕ್ರಮ ಒಂದು, ಕಣ್ಣಿನ ಕ್ರಮ ಇನ್ನೊಂದು. ವರ್ಣಮಾಲೆಗೆ ಕಾಗುಣಿತ, ಒತ್ತಕ್ಷರಗಳು ಸೇರಿದರೆ ಮಗು ಪರಿಚಯ ಮಾಡಿಕೊಳ್ಳಬೇಕಾದ ರೂಪಗಳು ನೂರಾರು. ಕನ್ನಡ ಓದು ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಬೆಂಗಳೂರಿನ ಸೊನಾಲಿ ನಾಗ್ ಅವರ ಸಂಶೋಧನೆ, ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರಲು ಮೂರು ನಾಲ್ಕನೇ ತರಗತಿವರೆಗೂ ಸಮಯ ಹಿಡಿಯುತ್ತದೆ ಎಂದು 2007ರಲ್ಲೇ ತೋರಿಸಿತು. ಒಂದನೇ ತರಗತಿಯಲ್ಲಿ ತೊದಲಿದ ಮಗುವಿಗೆ ಹಣೆಪಟ್ಟಿ ಕಟ್ಟುವುದು ಅನ್ಯಾಯ. ಐದನೇ ತರಗತಿಯಲ್ಲೂ ತೊದಲುವ ಮಗುವನ್ನು ‘ಸರಿಹೋಗುತ್ತೆ ಬಿಡಿ’ ಎಂದು ತಳ್ಳುವುದು ಅದಕ್ಕಿಂತ ದೊಡ್ಡ ಅನ್ಯಾಯ. ಇವೆರಡರ ವ್ಯತ್ಯಾಸ ತಿಳಿಯಲೆಂದೇ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ‘ಡಾಲಿ’ ಎಂಬ ಪರೀಕ್ಷಾ ಸಾಧನವನ್ನು ಕನ್ನಡದಲ್ಲೂ ಸಿದ್ಧಪಡಿಸಿದೆ.

ಚಿಕ್ಕ ಹೊಂದಾಣಿಕೆ, ದೊಡ್ಡ ಫಲ

ನೆರವು ಎಂದಕೂಡಲೇ ದುಬಾರಿ ಯಂತ್ರ, ಬೇರೆ ಕೋಣೆ ನೆನಪಾಗುತ್ತವೆ. ತರಗತಿಯಲ್ಲಿ ನಿಜವಾಗಿ ಕೆಲಸ ಮಾಡುವ ಸಂಗತಿಗಳು ಬಹುಪಾಲು ಕಾಸಿಲ್ಲದವು.

ಕಿವಿ ಸರಿಯಾಗಿ ಕೇಳದ ಮಗುವನ್ನು ಮುಂದಿನ ಸಾಲಿನಲ್ಲಿ, ಟೀಚರ್ ಮುಖದ ಮೇಲೆ ಕಿಟಕಿಯ ಬೆಳಕು ಬೀಳುವಂತೆ ಕೂರಿಸಬೇಕು. ಬೋರ್ಡಿನ ಕಡೆ ಮುಖ ಮಾಡಿಕೊಂಡು ಪಾಠ ಹೇಳಬಾರದು, ಏಕೆಂದರೆ ಆ ಮಗು ತುಟಿಯನ್ನೂ ಓದುತ್ತಿರುತ್ತದೆ. ಶ್ರವಣಯಂತ್ರ ಕೊಡಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದರ ಗುಂಡಿಯಷ್ಟು ಚಿಕ್ಕ ಬ್ಯಾಟರಿ ಒಂದೆರಡು ವಾರಕ್ಕೆ ಮುಗಿಯುತ್ತದೆ. ಮಗು ಬೆಳೆದಂತೆ ಕಿವಿಯೂ ಬೆಳೆಯುವುದರಿಂದ ಯಂತ್ರದ ಅಚ್ಚು ಸಡಿಲಾಗಿ ಕುಯ್ಯೆಂದು ಸಿಳ್ಳೆ ಹೊಡೆಯಲು ಶುರುಮಾಡುತ್ತದೆ. ಆ ಸದ್ದಿಗೆ ಪಕ್ಕದವರು ನಗುತ್ತಾರೆ, ಮಗು ಯಂತ್ರವನ್ನು ತೆಗೆದು ಚೀಲಕ್ಕೆ ಹಾಕುತ್ತದೆ. ಬೆಳಿಗ್ಗೆ ಹಾಜರಿ ಕೂಗುವಾಗಲೇ ‘ಮಿಷನ್ ಕೇಳಿಸ್ತಿದೆಯಾ ಪುಟ್ಟಾ?’ ಎಂದು ವಿಚಾರಿಸುವ ಟೀಚರ್ ಇದ್ದಲ್ಲಿ ಮಾತ್ರ ಸರ್ಕಾರ ಕೊಟ್ಟ ಸಲಕರಣೆ ಚೀಲದಿಂದ ಹೊರಗಿರುತ್ತದೆ.

ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಬೆರಳಿಗೆ ತೆಳ್ಳನೆಯ ಪೆನ್ಸಿಲ್ ನಿಲ್ಲುವುದಿಲ್ಲ. ಅದಕ್ಕೆ ಬಟ್ಟೆ ಸುತ್ತಿ ದಪ್ಪ ಮಾಡಿ, ಹಾಳೆ ಜಾರದಂತೆ ಟೇಪು ಅಂಟಿಸಿ, ಪಾದ ನೆಲಕ್ಕೆ ತಾಗುವಂತೆ ಕೂರಿಸಿದರೆ ಅಕ್ಷರ ಮೂಡುತ್ತದೆ. ಆಟಿಸಂ ಇರುವ ಮಗುವಿಗೆ ಮುಂದೇನು ಎಂಬುದು ಗೊತ್ತಿದ್ದರೆ ಅರ್ಧ ಆತಂಕ ಇಳಿಯುತ್ತದೆ. ಪ್ರಾರ್ಥನೆ, ಹಾಲು, ಪಾಠ, ಬಿಸಿಯೂಟ, ಆಟ, ಮನೆ ಎಂದು ಚಿತ್ರಗಳ ಸಾಲನ್ನು ಗೋಡೆಗೆ ಹಚ್ಚಿ, ಮುಗಿದದ್ದನ್ನು ಒಂದೊಂದಾಗಿ ತಿರುಗಿಸಿಡುತ್ತಾರೆ. ಗಂಟೆ ಬಾರಿಸುವ ಮುಂಚೆ ಒಂದು ಮಾತು ಹೇಳಿದರೂ ಸಾಕು, ಕಿವಿ ಮುಚ್ಚಿಕೊಳ್ಳುವ ಕೈ ಕೆಳಗಿಳಿಯುತ್ತದೆ.

ಬೌದ್ಧಿಕ ನ್ಯೂನತೆಯ ಮಗುವಿಗೆ ಊಟಕ್ಕೆ ಮೊದಲು ಕೈ ತೊಳೆಯುವುದೇ ಒಂದು ಪಾಠ. ನಲ್ಲಿ ತಿರುಗಿಸುವುದು, ಕೈ ಒದ್ದೆ ಮಾಡಿಕೊಳ್ಳುವುದು, ಸೋಪು ಹಚ್ಚುವುದು, ಉಜ್ಜುವುದು, ತೊಳೆಯುವುದು, ಒರೆಸಿಕೊಳ್ಳುವುದು ಎಂದು ಅದನ್ನು ಬಿಡಿಸುತ್ತಾರೆ. ಮೊದಲಿನದೆಲ್ಲವನ್ನೂ ಟೀಚರ್ ಮಾಡಿಸಿ ಕೊನೆಯ ಒರೆಸುವ ಕೆಲಸವನ್ನು ಮಾತ್ರ ಮಗುವಿಗೆ ಬಿಡುವುದುಂಟು. ‘ನಾನೇ ಮುಗಿಸಿದೆ’ ಎಂಬ ಹಿಗ್ಗು ಮೊದಲ ದಿನವೇ ಸಿಗುತ್ತದೆ. ಅಲ್ಲಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಕಲಿಸುತ್ತ ಹೋಗುತ್ತಾರೆ.

ಬ್ರೈಲ್ ಕಲಿಯುವ ಮಗುವಿನ ಶ್ರಮವನ್ನಂತೂ ಹತ್ತಿರದಿಂದ ನೋಡಬೇಕು. ಆರು ಚುಕ್ಕಿಗಳ ಭಾರತಿ ಬ್ರೈಲ್‌ನಲ್ಲಿ ಕನ್ನಡದ ಎಲ್ಲ ಅಕ್ಷರಗಳಿವೆ. ಸ್ಲೇಟಿಗೆ ಸಿಕ್ಕಿಸಿದ ಹಾಳೆಯನ್ನು ಸ್ಟೈಲಸ್‌ನಿಂದ ಹಿಂಬದಿಯಿಂದ ಚುಚ್ಚಬೇಕು. ಹಾಗಾಗಿ ಬರೆಯುವುದು ಬಲದಿಂದ ಎಡಕ್ಕೆ, ಹಾಳೆ ಮಗುಚಿ ಬೆರಳಲ್ಲಿ ಓದುವುದು ಎಡದಿಂದ ಬಲಕ್ಕೆ. ಏಳೆಂಟು ವರ್ಷದ ಮಗು ಎರಡು ದಿಕ್ಕನ್ನೂ ತಲೆಯಲ್ಲಿಟ್ಟುಕೊಂಡು ತನ್ನ ಹೆಸರು ಬರೆಯುವುದನ್ನು ಕಂಡವರು ಆ ಮಗುವಿನ ಸಾಮರ್ಥ್ಯದ ಬಗ್ಗೆ ಮತ್ತೆಂದೂ ಹಗುರವಾಗಿ ಮಾತಾಡಲಾರರು.

ಊರೂರು ಸುತ್ತುವ ಶಿಕ್ಷಕರು

ಇಷ್ಟನ್ನೆಲ್ಲ ತರಗತಿಯ ಟೀಚರಿಗೆ ಹೇಳಿಕೊಡುವವರು ಬಿಐಇಆರ್‌ಟಿಗಳು, ಎಂದರೆ ತಾಲ್ಲೂಕು ಮಟ್ಟದ ವಿಶೇಷ ಸಂಪನ್ಮೂಲ ಶಿಕ್ಷಕರು. ಪ್ರತಿ ಮಗುವಿಗೂ ಅವರೊಂದು ಪ್ರತ್ಯೇಕ ಶಿಕ್ಷಣ ಯೋಜನೆ ಬರೆಯುತ್ತಾರೆ. ‘ಓದಲು ಕಲಿಯಬೇಕು’ ಎಂಬ ದೊಡ್ಡ ಮಾತಿಗೆ ಅದರಲ್ಲಿ ಜಾಗವಿಲ್ಲ. ‘ಈ ತಿಂಗಳು ರ, ಠ ಬೇರೆಯೆಂದು ಗುರುತಿಸುವುದು’ ಎಂಬಂಥ ಅಳೆಯಬಹುದಾದ ಪುಟ್ಟ ಗುರಿಗಳಿರುತ್ತವೆ. ತಾಲ್ಲೂಕಿನ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಆವರಣದಲ್ಲಿರುವ ಶಾಲಾ ಸಿದ್ಧತಾ ಕೇಂದ್ರದಲ್ಲಿ ಫಿಸಿಯೋಥೆರಪಿ, ಮಾತಿನ ತರಬೇತಿ ನಡೆಯುತ್ತವೆ.

ಹಾಸಿಗೆ ಬಿಟ್ಟು ಏಳಲಾಗದ ಮಗುವಿನ ಮನೆಗೆ ಶಾಲೆಯೇ ಹೋಗುತ್ತದೆ. ತೀವ್ರ ಮತ್ತು ಬಹುವಿಧ ನ್ಯೂನತೆಯುಳ್ಳ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಅವಕಾಶವನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿದೆ. ಮಗುವಿನ ಹೆಸರು ಊರ ಶಾಲೆಯ ಹಾಜರಿ ಪುಸ್ತಕದಲ್ಲೇ ಇರುತ್ತದೆ. ಬಿಐಇಆರ್‌ಟಿ ಮನೆಗೆ ಬಂದು, ಮಗುವನ್ನು ಹೇಗೆ ಕೂರಿಸಬೇಕು, ಹೇಗೆ ಉಣಿಸಬೇಕು, ಬಣ್ಣ ಆಕಾರಗಳನ್ನು ಹೇಗೆ ಪರಿಚಯಿಸಬೇಕು ಎಂದು ತಾಯಿಗೆ ಕಲಿಸುತ್ತಾರೆ. ವರ್ಷಗಟ್ಟಲೆ ನಾಲ್ಕು ಗೋಡೆಯೊಳಗೆ ಒಬ್ಬಳೇ ಹೆಣಗಿದ ತಾಯಿಗೆ ಆ ಭೇಟಿಯೇ ದೊಡ್ಡ ಬಲ. ಪಿಂಚಣಿ, ಯುಡಿಐಡಿ ಅರ್ಜಿಗಳ ಓಡಾಟಕ್ಕೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ.

ಪಾಲಕರಿಗೆ ತಿಳಿದಿರಲಿ

ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಖರ್ಚು ಮಾಡಲು ಅವಕಾಶವಿದೆ. ಸಲಕರಣೆ, ಬ್ರೈಲ್ ಮತ್ತು ದೊಡ್ಡಕ್ಷರದ ಪುಸ್ತಕ, ಸಾರಿಗೆ ಭತ್ಯೆ, ಕರೆತರುವವರಿಗೆ ಬೆಂಗಾವಲು ಭತ್ಯೆ ಎಲ್ಲ ಇದರೊಳಗೆ ಬರುತ್ತವೆ. ಹೆಣ್ಣುಮಕ್ಕಳಿಗೆ ಇದರ ಮೇಲೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಪ್ರೋತ್ಸಾಹಧನ ಬ್ಯಾಂಕ್ ಖಾತೆಗೆ ಸೇರಬೇಕು. ವೈದ್ಯಕೀಯ ತಪಾಸಣಾ ಶಿಬಿರದ ದಿನಾಂಕವನ್ನು ಮುಖ್ಯ ಶಿಕ್ಷಕರಲ್ಲಿ ವಿಚಾರಿಸಿ. ಪ್ರಮಾಣಪತ್ರ ಇನ್ನೂ ಬಂದಿಲ್ಲವೆಂದು ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ, ದಾಖಲಾತಿಗೆ ಅದರ ಅಗತ್ಯವಿಲ್ಲ.

ಕೊರತೆ ಎಲ್ಲಿದೆ?

ಈ ವ್ಯವಸ್ಥೆಯ ವಿನ್ಯಾಸ ಒಳ್ಳೆಯದು, ಆದರೆ ಕೈಗಳು ಸಾಲವು. ಒಂದು ತಾಲ್ಲೂಕಿನ ನೂರಾರು ಶಾಲೆಗಳಿಗೆ ಬೆರಳೆಣಿಕೆಯ ಬಿಐಇಆರ್‌ಟಿಗಳು. ಇಂದು ಒಂದು ಶಾಲೆಗೆ ಬಂದವರು ಮತ್ತೆ ಅಲ್ಲಿಗೆ ಬರುವಷ್ಟರಲ್ಲಿ ವಾರಗಳು ಕಳೆದಿರುತ್ತವೆ. ಎರಡು ಮೂರು ತರಗತಿ ಒಟ್ಟಿಗೆ ನೋಡಿಕೊಂಡು ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕವನ್ನೂ ಹೊರುವ ಟೀಚರಿಗೆ ಒಂದು ಮಗುವಿನ ಪಕ್ಕ ಅರ್ಧ ಗಂಟೆ ಕೂರುವುದು ಎಷ್ಟು ಕಷ್ಟವೆಂದು ಅವರನ್ನೇ ಕೇಳಬೇಕು.

ಸುಪ್ರೀಂ ಕೋರ್ಟ್ ರಜನೀಶ್ ಕುಮಾರ್ ಪಾಂಡೆ ಪ್ರಕರಣದ 2021ರ ತೀರ್ಪಿನಲ್ಲಿ ಈ ಕೊರತೆಯನ್ನು ಗಂಭೀರವಾಗಿ ಪರಿಗಣಿಸಿತು. ನಂತರ 2022ರಲ್ಲಿ ಕೇಂದ್ರ ಸರ್ಕಾರ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು ನಿಗದಿಪಡಿಸಿತು. ಹುದ್ದೆಗಳನ್ನು ಮಂಜೂರು ಮಾಡಿ ಭರ್ತಿ ಮಾಡುವಂತೆ 2025ರ ಮಾರ್ಚ್‌ನಲ್ಲಿ ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ಮತ್ತೆ ಸೂಚಿಸಿದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕಾಂಪೌಂಡು, ಬಣ್ಣದ ಜೊತೆಗೆ ಈ ಪ್ರಶ್ನೆಯೂ ಬರಬೇಕು: ನಮ್ಮ ಶಾಲೆಯಲ್ಲಿ ಇಂಥ ಮಕ್ಕಳೆಷ್ಟು, ಅವರ ಬಳಿಗೆ ವಿಶೇಷ ಶಿಕ್ಷಕರು ಬರುವುದು ಯಾವಾಗ?

ಒಂದು ಮಗುವಿಗೆಂದು ಮಾಡಿದ ಹೊಂದಾಣಿಕೆ ತರಗತಿಗೆಲ್ಲ ಒದಗುತ್ತದೆ. ಮಕ್ಕಳ ಕಡೆ ಮುಖ ಮಾಡಿ ಸ್ಪಷ್ಟವಾಗಿ ಹೇಳಿದ ಪಾಠ ಎಲ್ಲರಿಗೂ ಕೇಳಿಸುತ್ತದೆ, ದಿನದ ಚಿತ್ರಸಾಲು ಎಲ್ಲ ಚಿಣ್ಣರಿಗೂ ಇಷ್ಟವಾಗುತ್ತದೆ. ಜೊತೆಗಾರನ ಗಾಲಿಕುರ್ಚಿ ತಳ್ಳುತ್ತ, ಅವನಿಗೆ ಯಾವಾಗ ಸಹಾಯ ಬೇಕು, ಯಾವಾಗ ಬೇಡ ಎಂಬುದನ್ನು ಆರು ವರ್ಷಕ್ಕೇ ಅರಿತ ಮಗು ದೊಡ್ಡದಾದಾಗ ಇಂಥವರನ್ನು ದೂರವಿಡುವುದಿಲ್ಲ. ‘ಈ ಮಗು ನಮ್ಮ ಶಾಲೆಗೆ ಹೊಂದುತ್ತದೆಯೇ?’ ಎಂದು ಕೇಳುವ ಹಕ್ಕು ಯಾವ ಶಾಲೆಗೂ ಇಲ್ಲ. ಈ ಮಗುವಿಗಾಗಿ ನಾವೇನು ಹೊಂದಿಸಿಕೊಳ್ಳಬೇಕು ಎಂದು ಕೇಳಿಕೊಳ್ಳುವ ಶಾಲೆಗಳು, ಟೀಚರುಗಳು ನಮ್ಮಲ್ಲಿದ್ದಾರೆ. ಅವರಿಗೆ ಜೊತೆಯ ಕೈಗಳನ್ನು ಕೊಡುವುದು ಸರ್ಕಾರದ ಹೊಣೆ. ಕೊಡುವವರೆಗೂ ಕೇಳುತ್ತಲೇ ಇರುವುದು ಊರಿನ ಹೊಣೆ.